ಮೂರು ವಾದ್ಯಕ್ಕೊಂದು ಅಳತೆ ಪೆಟ್ಟಿಗೆ

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಚಪ್ಪಲಿ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ, ಜಾಗ ಸಾಲದೆ ಉಸಿರು ಬಿಗಿಹಿಡಿದು ನಿಂತ ಹಾಗೆ ಒಂದು ಪುಟ್ಟ ಅಂಗಡಿ ಇತ್ತು. ಒಳಗೆ ನಿಂತು ಎರಡು ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತಿದ್ದವು. ಒಂದು ಗೋಡೆಗೆ ಪಿಟೀಲುಗಳನ್ನು ಕತ್ತು ಹಿಡಿದು ನೇತುಹಾಕಿತ್ತು. ಇನ್ನೊಂದು ಗೋಡೆಯ ಉದ್ದಕ್ಕೂ ಹೊಟ್ಟೆ ಬಿಚ್ಚಿದ ಹಾರ್ಮೋನಿಯಂಗಳು ಒಂದರ ಮೇಲೊಂದು ಕೂತಿದ್ದವು. ನಡುವೆ ಉಳಿದ ಒಂದು ಚಾಪೆಯಷ್ಟು ಜಾಗದಲ್ಲಿ ಒಬ್ಬ ಹೆಂಗಸು ತಲೆ ಬಗ್ಗಿಸಿ ಕೆಲಸ ಮಾಡುತ್ತಿರುತ್ತಿದ್ದಳು.

ಹೊಸದಾಗಿ ಬಂದವರು ಅವಳನ್ನೇ ಕೇಳುತ್ತಿದ್ದರು, "ಇದನ್ನ ರಿಪೇರಿ ಮಾಡೋರು ಎಲ್ಲಮ್ಮಾ?" ಅವಳು ಕೈ ಚಾಚುತ್ತಿದ್ದಳು. ವಾದ್ಯ ಕೈಗೆ ಬಂದಮೇಲೆ ತಲೆ ಎತ್ತಿ, "ನಾಳಿದ್ದು ಬನ್ನಿ" ಅನ್ನುತ್ತಿದ್ದಳು. ಅಲ್ಲಿಗೆ ಮಾತು ಮುಗಿಯಿತು.

ಊರವರು ಹಾರ್ಮೋನಿಯಂ ಅನ್ನು ಪೆಟ್ಟಿಗೆ ಎಂದೂ ಅವಳನ್ನು ಪೆಟ್ಟಿಗೆಯಮ್ಮ ಎಂದೂ ಕರೆಯುತ್ತಿದ್ದರು. ಎಂಟನೇ ತರಗತಿಯ ನಡುವೆ ಶಾಲೆ ಬಿಟ್ಟು ಅಪ್ಪನ ಪಕ್ಕದಲ್ಲಿ ಬಂದು ಕೂತವಳು, ಅಪ್ಪ ಹೋದಮೇಲೂ ಆ ಜಾಗ ಬಿಟ್ಟು ಎದ್ದಿರಲಿಲ್ಲ. ಮದುವೆ ಮಾಡಿಕೊಳ್ಳಲಿಲ್ಲ. ಯಾಕೆಂದು ಯಾರಾದರೂ ಕೇಳಿದರೆ, ಆಗ ತಾನೇ ಅಂಟು ಹಚ್ಚಿದ ಪಿಟೀಲನ್ನು ಎತ್ತಿ ತೋರಿಸಿ, "ಇದು ಒಣಗಬೇಕು, ಮಾತಾಡಿಸಬೇಡಿ" ಅನ್ನುತ್ತಿದ್ದಳು. ಜನರ ಮುಂದೆ ನಾಲ್ಕು ಮಾತು ಒಟ್ಟಿಗೆ ಹೇಳಬೇಕಾಗಿ ಬಂದರೆ ಅವಳ ಅಂಗೈ ಬೆವರುತ್ತಿತ್ತು. ಆದರೆ ಕಿವಿ ಮಾತ್ರ ಎಲ್ಲವನ್ನೂ ಕೇಳುತ್ತಿತ್ತು. ಹಾರ್ನ್ ಕೇಳಿ ಯಾವ ಬಸ್ಸು ನಿಲ್ದಾಣದೊಳಕ್ಕೆ ಬಂತೆಂದು ಕೂತಲ್ಲಿಂದಲೇ ಹೇಳುತ್ತಿದ್ದಳು.

ಇಂಥವಳಿಗೆ ಒಂದು ಹಾಡೂ ನುಡಿಸಲು ಬರುತ್ತಿರಲಿಲ್ಲ ಎಂದರೆ ಯಾರೂ ನಂಬುತ್ತಿರಲಿಲ್ಲ. ಅದು ನಿಜ. ಅವಳಿಗೆ ಗೊತ್ತಿದ್ದದ್ದು ಒಂದೊಂದೇ ಸ್ವರ. ಅಪ್ಪ ಕಲಿಸಿದ ಕೆಲಸದ ರೀತಿಯೇ ಹಾಗಿತ್ತು. ಅಂಗಡಿಯ ಮೂಲೆಯಲ್ಲಿ ಒಂದು ಹಳೆಯ ಹಾರ್ಮೋನಿಯಂ ಇತ್ತು, ಅದಕ್ಕೆ ಅಳತೆ ಪೆಟ್ಟಿಗೆ ಎಂದು ಹೆಸರು. ರಿಪೇರಿಗೆ ಬಂದ ಹಾರ್ಮೋನಿಯಂನ 'ಸ' ನುಡಿಸುವುದು, ಜೊತೆಗೇ ಅಳತೆ ಪೆಟ್ಟಿಗೆಯ 'ಸ' ನುಡಿಸುವುದು. ಎರಡೂ ಹೊಂದದಿದ್ದರೆ ನಡುವೆ ಒಂದು ಅಲೆ ಏಳುತ್ತದೆ, ವಾಂವ್ ವಾಂವ್ ಎಂದು. ಒಳಗಿರುವ ಹಿತ್ತಾಳೆಯ ಸಣ್ಣ ನಾಲಿಗೆಗೆ ರೀಡು ಅನ್ನುತ್ತಾರೆ. ಸ್ವರ ಏರಿಸಬೇಕಾದರೆ ಅದರ ತುದಿಯನ್ನು, ಇಳಿಸಬೇಕಾದರೆ ಬುಡವನ್ನು, ಕೂದಲಿನಷ್ಟು ಅರದಿಂದ ಉಜ್ಜುವುದು. ಅಲೆ ನಿಧಾನವಾಗುತ್ತಾ ಬಂದು ಕೊನೆಗೆ ನಿಂತ ನೀರಿನ ಹಾಗಾಗುತ್ತದೆ. ಆಮೇಲೆ 'ರಿ'. ಆಮೇಲೆ 'ಗ'. ಹೀಗೆ ಒಂದಾದ ಮೇಲೊಂದು.

ಸರಿಹೋದ ರೀಡನ್ನು ಮತ್ತೆ ಮರೆತು ಉಜ್ಜಬಾರದೆಂದು ಅದರ ಬುಡದ ಮೊಳೆಯ ಮೇಲೆ ಉಗುರುಬಣ್ಣದ ಒಂದು ಕೆಂಪು ಚುಕ್ಕಿ ಇಡುತ್ತಿದ್ದಳು. ಬುಡದಲ್ಲಿಟ್ಟರೆ ತೊಂದರೆಯಿಲ್ಲ, ಆ ಭಾಗ ಅಲುಗುವುದಿಲ್ಲ. ಜನ್ಮದಲ್ಲಿ ಒಮ್ಮೆಯೂ ಉಗುರಿಗೆ ಬಣ್ಣ ಹಚ್ಚದವಳು ವರ್ಷಕ್ಕೆ ಎರಡು ಸೀಸೆ ಕೊಳ್ಳುತ್ತಿದ್ದಳು. ಬಳೆ ಅಂಗಡಿಯವಳು ಪ್ರತಿ ಸಲವೂ, "ಯಾರಿಗೆ ತೋರಿಸೋಕಮ್ಮಾ ಇಷ್ಟು ಬಣ್ಣ?" ಎಂದು ಕಾಡಿಸುತ್ತಿದ್ದಳು. "ಒಳಗೆ ಇಣುಕಿ ನೋಡೋರಿಗೆ" ಎಂದು ಪೆಟ್ಟಿಗೆಯಮ್ಮ ಸೀಸೆ ಸೆರಗಿಗೆ ಕಟ್ಟಿಕೊಳ್ಳುತ್ತಿದ್ದಳು.

ಅಳತೆ ಪೆಟ್ಟಿಗೆಯ ವಿಷಯದಲ್ಲಿ ಅಪ್ಪ ಎರಡು ಕಟ್ಟಳೆ ಹಾಕಿದ್ದ. ಒಂದು, ಅದನ್ನು ಬಿಚ್ಚಬಾರದು. ಎರಡು, ಅದರಲ್ಲಿ ಒಂದು ಸಲಕ್ಕೆ ಒಂದೇ ಸ್ವರ ಒತ್ತಬೇಕು. "ಅದು ಸರಿಯಾಗಿದೆಯಾ ಅಂತ ಹೇಗಪ್ಪಾ ಗೊತ್ತಾಗೋದು?" ಎಂದು ಹದಿಮೂರರ ಹುಡುಗಿಯಾಗಿದ್ದಾಗ ಅವಳೊಮ್ಮೆ ಕೇಳಿದ್ದಳು. "ಅಳತೆ ಕೋಲನ್ನ ಯಾರಾದ್ರೂ ಅಳೀತಾರೇನೇ?" ಎಂದು ಅಪ್ಪ ನಕ್ಕಿದ್ದ. ಅವಳೂ ನಕ್ಕಿದ್ದಳು. ಆಮೇಲೆ ಕೇಳಲಿಲ್ಲ.

ಈ ಅಂಗಡಿಗೆ ದಿನಾ ಸಂಜೆ ನಾಲ್ಕಕ್ಕೆ ಒಂದು ಪುಟ್ಟ ಬಿರುಗಾಳಿ ಬರುತ್ತಿತ್ತು. ತಂಗಿಯ ಮಗಳು, ಒಂಬತ್ತು ವರ್ಷ. ಹೆಸರು ಒಂದಿತ್ತು, ಶಾಲೆಯಲ್ಲಿ ಮಾತ್ರ ಕರೆಯುತ್ತಿದ್ದರು. ಮನೆಯಲ್ಲಿ, ಬೀದಿಯಲ್ಲಿ, ಅಂಗಡಿಯಲ್ಲಿ ಅವಳು ಗೊದ್ದ. ಸಕ್ಕರೆ ಡಬ್ಬಿ ಎಷ್ಟೇ ಬಿಗಿದಿಟ್ಟರೂ ಒಳಗೆ ಸೇರುವ ಆ ಕರಿ ಇರುವೆಯ ಹಾಗೆ, ಎಲ್ಲಿ ಸಂದಿಯಿದ್ದರೂ ಮೂಗು ತೂರಿಸುತ್ತಿದ್ದಳು. ಅವಳಮ್ಮ ಬಸ್ ನಿಲ್ದಾಣದ ಟಿಕೆಟ್ ಕಿಟಕಿಯಲ್ಲಿ ಕೂರುತ್ತಿದ್ದಳು, ಆರು ಗಂಟೆಯವರೆಗೆ ಬರುವಂತಿಲ್ಲ. ಅಪ್ಪ ಲಾರಿ ಓಡಿಸುತ್ತಿದ್ದ, ಇದ್ದರೆ ಇದ್ದ, ಇಲ್ಲದಿದ್ದರೆ ಇಲ್ಲ. ಹಾಗಾಗಿ ನಾಲ್ಕರಿಂದ ಆರರವರೆಗೆ ಗೊದ್ದ ದೊಡ್ಡಮ್ಮನ ಸೊತ್ತು.

ಅವಳು ಆರು ವರ್ಷದವಳಿದ್ದಾಗ ಅಳತೆ ಪೆಟ್ಟಿಗೆಗೆ ಗಾಳಿ ಊಡುವ ತಿದಿ ಹರಿದುಹೋಯಿತು. ಗಾಳಿಯಿಲ್ಲದೆ ಸ್ವರವಿಲ್ಲ. ಬೇರೆ ದಾರಿಯಿಲ್ಲದೆ ಪೆಟ್ಟಿಗೆಯಮ್ಮ ಅದೊಂದು ಸಲ ಅದನ್ನು ಬಿಚ್ಚಿ ಹೊಸ ಚರ್ಮ ಅಂಟಿಸಿದಳು. ತಿದಿ ಸರಿಯಾದಮೇಲೆ ಒತ್ತಿ ನೋಡಿದ್ದು ಗೊದ್ದ, ಅಂದಿನಿಂದ ಬಿಡಲೇ ಇಲ್ಲ. ಬೀದಿಯಲ್ಲಿ ಹಾದುಹೋದ ಹಾಡನ್ನೆಲ್ಲ ಒಂದೊಂದೇ ಸ್ವರ ಹುಡುಕಿ ನುಡಿಸುತ್ತಿದ್ದಳು. ಏಳಕ್ಕೆ ಒಂದು ಮರಿ ಪಿಟೀಲು ರಿಪೇರಿಗೆ ಬಂತು, ಕೊಟ್ಟವರು ತಿರುಗಿ ಬರಲಿಲ್ಲ. ತಂತಿ ಕೊಳ್ಳಲು ಬರುತ್ತಿದ್ದ ಪಿಟೀಲು ಮೇಷ್ಟ್ರು ಅದು ಗೊದ್ದನ ಗದ್ದಕ್ಕೆ ಅಳತೆ ತೆಗೆದು ಮಾಡಿದ ಹಾಗಿದ್ದದ್ದನ್ನು ನೋಡಿ ಪಾಠಕ್ಕೆ ತಮ್ಮ ಮನೆಗೆ ಕಳಿಸಲು ಹೇಳಿದರು. ಎಂಟಕ್ಕೆ ಪಕ್ಕದ ಔಷಧಿ ಅಂಗಡಿಯ ಕಂಪೌಂಡರು ಗಿರಾಕಿ ಇಲ್ಲದ ಹೊತ್ತಿನಲ್ಲಿ ಊದುತ್ತಿದ್ದ ಕೊಳಲು ಗೋಡೆಯಾಚೆಯಿಂದ ಕೇಳಿ, ಇವಳು ಈಚೆಯಿಂದ ಪೆಟ್ಟಿಗೆಯಲ್ಲಿ ಉತ್ತರ ಕೊಟ್ಟಳು. ಮರುದಿನವೇ ಕಂಪೌಂಡರು ಒಂದು ಕೊಳಲು ಹಿಡಿದುಕೊಂಡು ಬಂದರು. "ಗೋಡೆಗೆ ಪಾಠ ಹೇಳೋದಕ್ಕಿಂತ ಮಗೂಗೆ ಹೇಳೋದು ವಾಸಿ" ಎಂದರು.

"ಅಕ್ಕಾ, ನಾಲ್ಕನೇದು ಬರೋದ್ರೊಳಗೆ ಬಾಗಿಲು ಹಾಕ್ಕೊಂಬಿಡು" ಎಂದು ತಂಗಿ ನಗುತ್ತಿದ್ದಳು. ಮೊದಮೊದಲು ಅದು ತಮಾಷೆಯಾಗಿತ್ತು.

ಆಮೇಲೆ ದೂರು ಶುರುವಾಯಿತು.

ಪಿಟೀಲು ಮೇಷ್ಟ್ರು ದಪ್ಪ ಕನ್ನಡಕದ, ಅದಕ್ಕಿಂತ ದಪ್ಪ ದನಿಯ ಮನುಷ್ಯ. ಬೀದಿಯ ಆ ತುದಿಯಲ್ಲಿ ಮಾತಾಡಿದರೆ ಈ ತುದಿಗೆ ಕೇಳುತ್ತಿತ್ತು. "ನಿಮ್ಮ ಹುಡುಗಿ 'ಗ' ತಗ್ಗಿಸ್ತಾಳೆ. ಒಂದು ಎಳೆಯಷ್ಟು ಕಮ್ಮಿ. ಒಂದು ವರ್ಷದಿಂದ ಹೇಳ್ತಿದೀನಿ, ಗೋಡೆಗೆ ಹೇಳಿದ ಹಾಗೆ. ಆ ಕೊಳಲು ಊದೋದ್ರಿಂದ ಬಂದಿರೋ ಚಟ ಅದು."

ಕಂಪೌಂಡರು ಮೆತ್ತಗಿನವರು. ದೂರನ್ನೂ ಗುಳಿಗೆ ಕೊಡುವ ಹಾಗೆ ಅರ್ಧ ಅರ್ಧ ಮಾಡಿ ಕೊಡುತ್ತಿದ್ದರು. "ಪೆಟ್ಟಿಗೆಯಮ್ಮಾ, ಮಗು ಚೆನ್ನಾಗಿ ಊದುತ್ತೆ. ಆದ್ರೆ ಆ 'ಗ' ಮಾತ್ರ... ಪಿಟೀಲಲ್ಲಿ ಬೆರಳು ಜಾರಿಸಿ ಜಾರಿಸಿ ಅಭ್ಯಾಸ ಆಗಿರ್ಬೇಕು. ಮೇಷ್ಟ್ರಿಗೆ ಹೇಳಿದೆ ಅನ್ಬೇಡಿ."

ಹೀಗೆ ಇಬ್ಬರೂ ಒಬ್ಬರ ವಾದ್ಯದ ಮೇಲೊಬ್ಬರು ಗೂಬೆ ಕೂರಿಸುತ್ತಾ ಬಂದರು. ಕೊನೆಗೊಂದು ದಿನ ಮೇಷ್ಟ್ರು ಟಿಕೆಟ್ ಕಿಟಕಿಯ ಮುಂದೆಯೇ ಹೋಗಿ ನಿಂತು, ಸಾಲಿನಲ್ಲಿದ್ದವರೆಲ್ಲ ಕೇಳುವ ಹಾಗೆ ತಂಗಿಗೆ ಹೇಳಿಬಿಟ್ಟರು. "ನೋಡಮ್ಮಾ, ಕಾಲಿರೋದು ಎರಡು, ಈ ಹುಡುಗಿ ಇಟ್ಟಿರೋದು ಮೂರು ದೋಣೀಲಿ. ಭಾನುವಾರದೊಳಗೆ ಒಂದನ್ನ ಇಟ್ಕೊಂಡು ಎರಡನ್ನ ಬಿಡಿಸು. ಇಲ್ದಿದ್ರೆ ನಾನು ಪಾಠ ಬಿಡ್ತೀನಿ. ಕಿವಿ ಕೆಟ್ಟಮೇಲೆ ಯಾರೂ ಸರಿಮಾಡೋಕಾಗಲ್ಲ."

ತಂಗಿ ಹೆದರಿಹೋದಳು. ಕಿವಿ ಕೆಡುತ್ತೆ ಎಂದ ಮಾತು ಅವಳ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತು. ಸಂಜೆ ಬಂದವಳೇ, "ಗೊದ್ದಾ, ಭಾನುವಾರ ಮೇಷ್ಟ್ರು ಅಂಗಡಿಗೆ ಬರ್ತಾರೆ. ಯಾವುದು ಬೇಕು ಅಂತ ನೀನೇ ಹೇಳ್ಬೇಕು. ಉಳಿದಿದ್ದು ಎರಡೂ ದೊಡ್ಡಮ್ಮ ಕಪಾಟಲ್ಲಿಟ್ಟು ಬೀಗ ಹಾಕ್ತಾರೆ" ಎಂದಳು. ಗೊದ್ದ ಅಳಲಿಲ್ಲ. ಅತ್ತಿದ್ದರೆ ಪೆಟ್ಟಿಗೆಯಮ್ಮನಿಗೆ ಎಷ್ಟೋ ಸುಲಭವಾಗುತ್ತಿತ್ತು. ಅವಳು ಪಿಟೀಲು ಮತ್ತು ಕೊಳಲನ್ನು ಅಳತೆ ಪೆಟ್ಟಿಗೆಯ ಮೇಲೆ ಪಕ್ಕಪಕ್ಕ ಮಲಗಿಸಿ, ಸ್ವಲ್ಪ ಹೊತ್ತು ಮೂರನ್ನೂ ನೋಡಿ, ಆಮೇಲೆ ಅವುಗಳಿಗೆ ಬೆನ್ನು ಹಾಕಿ ಕೂತಳು.

"ಯಾಕೆ ಪುಟ್ಟಾ?"

"ನೋಡ್ತಿದ್ರೆ ಆರಿಸೋಕಾಗಲ್ಲ, ದೊಡ್ಡಮ್ಮ."

"ನೋಡದೆ ಆರಿಸ್ತೀಯಾ?"

"ನೋಡದೇನೂ ಆಗ್ತಿಲ್ಲ."

ಅದು ಗುರುವಾರ. ಶುಕ್ರವಾರ ಸಂಜೆ ಪೆಟ್ಟಿಗೆಯಮ್ಮ ಒಂದು ಪಿಟೀಲಿನ ಕುದುರೆ ಕೆತ್ತುತ್ತಿದ್ದಳು, ಅಂದರೆ ತಂತಿಗಳನ್ನು ಎತ್ತಿಹಿಡಿಯುವ ಆ ಸಣ್ಣ ಮರದ ತುಂಡು. ಎದುರಿಗೆ ಗೊದ್ದ ಕೊಳಲು ಊದುತ್ತಿದ್ದಳು. ಪೆಟ್ಟಿಗೆಯಮ್ಮ ಯಾವಾಗಲೂ ಕೇಳುವವಳು, ನೋಡುವವಳಲ್ಲ. ಅವತ್ತು ಮಾತ್ರ, ಇನ್ನು ಎರಡೇ ದಿನ ಅಂದುಕೊಂಡು, ಉಳಿ ಕೆಳಗಿಟ್ಟು ಮಗುವಿನ ಮುಖವನ್ನೇ ನೋಡುತ್ತಾ ಕೂತಳು. ಸ, ರಿ, ಆಮೇಲೆ 'ಗ' ಬಂದಾಗ ಗೊದ್ದ ಗದ್ದವನ್ನು ಎದೆಯ ಕಡೆಗೆ ಇಳಿಸಿದಳು. ಮ ಬಂದಾಗ ಮತ್ತೆ ಎತ್ತಿದಳು. ಇನ್ನೊಂದು ಸಲ ನುಡಿಸಿದಾಗಲೂ ಅದೇ.

"ಅಲ್ಲಿ ಯಾಕೆ ಗದ್ದ ಇಳಿಸ್ತೀಯ?"

"ಇಳಿಸದಿದ್ರೆ 'ಗ' ಜಾಸ್ತಿ ಕೂಗುತ್ತೆ. ಪೆಟ್ಟಿಗೆಗೆ ಹೊಂದಲ್ಲ."

"ಸುಮ್ನೆ ಊದಿದ್ರೆ ಹೊಂದಲ್ವಾ?"

"ಊಹೂಂ. ವಾಂವ್ ವಾಂವ್ ಅನ್ನುತ್ತೆ. ನೀನೇ ಹೇಳಿದೀಯಲ್ಲ, ವಾಂವ್ ಅಂದ್ರೆ ತಪ್ಪು ಅಂತ."

ಪೆಟ್ಟಿಗೆಯಮ್ಮ ಕೆತ್ತುತ್ತಿದ್ದ ಕುದುರೆಯನ್ನೂ ಪಕ್ಕಕ್ಕಿಟ್ಟಳು. "ಪಿಟೀಲಲ್ಲಿ?"

"ಅಲ್ಲೂ ಅಷ್ಟೆ. ಮೇಷ್ಟ್ರು ಬೆರಳು ಮುಂದೆ ಇಡು ಮುಂದೆ ಇಡು ಅಂತಾರೆ. ಅವರು ನೋಡ್ತಿರೋವಾಗ ಇಡ್ತೀನಿ, ಅವರು ಆ ಕಡೆ ನೋಡಿದ ತಕ್ಷಣ ಹಿಂದೆ ತರ್ತೀನಿ. ಪಾಪ, ಅವರ ಮನೇಲಿ ಅಳತೆ ಪೆಟ್ಟಿಗೆ ಇಲ್ವಲ್ಲ, ಅವರಿಗೆ ಹೇಗೆ ಗೊತ್ತಾಗುತ್ತೆ?"

ಎಷ್ಟು ನಂಬಿಕೆ ಈ ಮಗುವಿಗೆ! ಪೆಟ್ಟಿಗೆಯಮ್ಮನಿಗೆ ಹೆಮ್ಮೆಯೆನಿಸಬೇಕಿತ್ತು. ಆದರೆ ಅವಳಿಗೆ ನೆನಪಾದದ್ದು ಮಾರುಕಟ್ಟೆ ಬೀದಿಯ ಶಾಲೆಯ ಹಾಡಿನ ಟೀಚರು. ಹೋದ ವರ್ಷ ಆ ಟೀಚರು ಇಲ್ಲಿ ಸರಿಮಾಡಿಸಿಕೊಂಡು ಹೋದ ಹಾರ್ಮೋನಿಯಂ ಅನ್ನು ಎರಡು ಸಲ ವಾಪಸ್ಸು ತಂದಿದ್ದರು. "ಏನೋ ಸರಿಯಿಲ್ಲಮ್ಮಾ, 'ಗ' ಹತ್ರ ಮಕ್ಕಳ ದನಿ ಕೂರಲ್ಲ" ಎಂದಿದ್ದರು. ಎರಡು ಸಲವೂ ಪೆಟ್ಟಿಗೆಯಮ್ಮ ಅಳತೆ ಪೆಟ್ಟಿಗೆಯ ಜೊತೆ ನುಡಿಸಿ ತೋರಿಸಿದ್ದಳು. ಅಲೆಯೇ ಇರಲಿಲ್ಲ. ಎರಡನೇ ಸಲ, ಎಂದೂ ಯಾರಿಗೂ ಎದುರಾಡದವಳು, ಅಪ್ಪನ ಪೆಟ್ಟಿಗೆಯ ಮೇಲಿನ ಅಭಿಮಾನಕ್ಕೆ, "ಪೆಟ್ಟಿಗೆ ಸರಿಯಿದೆ ಟೀಚರ್. ಒಂದ್ಸಲ ಕಿವಿ ತೋರಿಸ್ಕೊಳ್ಳಿ" ಎಂದುಬಿಟ್ಟಿದ್ದಳು. ಟೀಚರು ಮುಖ ಸಣ್ಣ ಮಾಡಿಕೊಂಡು ಹೋದವರು ಮತ್ತೆ ಈ ಕಡೆ ಬಂದಿರಲಿಲ್ಲ.

ಮೇಷ್ಟ್ರು, ಕಂಪೌಂಡರು, ಟೀಚರು. ಮೂವರೂ ಬೇರೆ ಬೇರೆ ವಾದ್ಯದವರು. ಒಬ್ಬರ ಮನೆಗೊಬ್ಬರು ಹೋಗುವವರಲ್ಲ. ಮೂವರ ಬಾಯಲ್ಲೂ ಒಂದೇ ಸ್ವರ.

ಶನಿವಾರ ಬೆಳಿಗ್ಗೆ, ಚಪ್ಪಲಿ ಅಂಗಡಿಯವನು ಇನ್ನೂ ಬೀದಿ ಗುಡಿಸುತ್ತಿದ್ದಾಗಲೇ, ಪೆಟ್ಟಿಗೆಯಮ್ಮ ಬಾಗಿಲು ಅರ್ಧ ಮಾತ್ರ ತೆರೆದು ಅಳತೆ ಪೆಟ್ಟಿಗೆಯ ಮುಂದೆ ಕೂತಳು. ಒಂದು ಕೈಯಲ್ಲಿ ತಿದಿ ಒತ್ತಿದಳು. ಇನ್ನೊಂದು ಕೈಯ ಹೆಬ್ಬೆರಳನ್ನು ಕೆಳಗಿನ 'ಗ' ಮೇಲೆ, ಕಿರುಬೆರಳನ್ನು ನಡುವಿನ 'ಗ' ಮೇಲೆ ಇಟ್ಟಳು. ನಲವತ್ತು ವರ್ಷದಲ್ಲಿ ಆ ಪೆಟ್ಟಿಗೆಯಲ್ಲಿ ಎರಡು ಸ್ವರ ಒಟ್ಟಿಗೆ ಒತ್ತಿರಲಿಲ್ಲ. ಅಪ್ಪ ಬಾಗಿಲಲ್ಲಿ ನಿಂತಿದ್ದಾನೇನೋ ಎಂಬಂತೆ ಒಮ್ಮೆ ಹಿಂತಿರುಗಿ ನೋಡಿ, ಒತ್ತಿದಳು.

ವಾಂವ್. ವಾಂವ್. ವಾಂವ್.

ಬೆರಳು ತೆಗೆದಳು. 'ಸ' ಎರಡನ್ನು ಒತ್ತಿದಳು, ನಿಂತ ನೀರು. 'ರಿ' ಎರಡನ್ನು ಒತ್ತಿದಳು, ನಿಂತ ನೀರು. ಮತ್ತೆ 'ಗ'. ಅಲೆ ಅಲ್ಲಿಯೇ ಇತ್ತು. ಅವಳು ಸೆರಗಿನಿಂದ ಕೈ ಒರೆಸಿಕೊಂಡು ತಿರುಪುಳಿ ತೆಗೆದುಕೊಂಡಳು.

ಒಳಗೆ ರೀಡುಗಳು ಸಾಲಾಗಿ, ಹಳೆಯ ಬಂಗಾರದ ಬಣ್ಣಕ್ಕೆ ತಿರುಗಿ ಮಲಗಿದ್ದವು. ಈ ಪೆಟ್ಟಿಗೆಯ ರೀಡುಗಳಿಗೆ ಅಪ್ಪನಾಗಲಿ ಅವಳಾಗಲಿ ಎಂದೂ ಚುಕ್ಕಿ ಇಟ್ಟವರಲ್ಲ. ಉಜ್ಜುವುದೇ ಇಲ್ಲವೆಂದಮೇಲೆ ಗುರುತು ಯಾಕೆ? ಆದರೆ ನಡುವಿನ 'ಗ' ರೀಡಿನ ಮೇಲೆ ಒಂದು ಕೆಂಪು ಚುಕ್ಕಿ ಇತ್ತು. ಬುಡದಲ್ಲಲ್ಲ, ತುದಿಯಲ್ಲಿ. ದುಂಡಗೆ, ದಪ್ಪಗೆ, ಬಹಳ ಶ್ರದ್ಧೆಯಿಂದ ಇಟ್ಟ ಚುಕ್ಕಿ. ತುದಿಗೆ ಸಾಸಿವೆಯಷ್ಟು ಭಾರ ಬಿದ್ದರೂ ರೀಡು ನಿಧಾನವಾಗುತ್ತದೆ, ಸ್ವರ ಇಳಿಯುತ್ತದೆ.

ಅವಳಿಗೆ ಆ ದಿನ ಕಣ್ಣಿಗೆ ಕಟ್ಟಿದ ಹಾಗೆ ನೆನಪಾಯಿತು. ತಿದಿಗೆ ಚರ್ಮ ಕತ್ತರಿಸುತ್ತಿದ್ದಾಗ ಆರು ವರ್ಷದ ಗೊದ್ದ ಬಿಚ್ಚಿದ ಪೆಟ್ಟಿಗೆಯ ಮೇಲೆ ಬಗ್ಗಿ, "ದೊಡ್ಡಮ್ಮ, ಎಲ್ಲಾ ಪೆಟ್ಟಿಗೆಗೂ ಬೊಟ್ಟು ಇದೆ, ಇದಕ್ಕೆ ಮಾತ್ರ ಇಲ್ಲ. ಪಾಪ" ಎಂದಿದ್ದಳು. ಪೆಟ್ಟಿಗೆಯಮ್ಮ ಹೂಂ ಎಂದು ಚರ್ಮ ಕತ್ತರಿಸುತ್ತಲೇ ಇದ್ದಳು. ಒಂದು ಬೊಟ್ಟು ಇಡುವಷ್ಟರಲ್ಲಿ ಅಮ್ಮ ಬಂದು ಕರೆದುಕೊಂಡು ಹೋಗಿರಬೇಕು. ಇಲ್ಲದಿದ್ದರೆ ಎಲ್ಲಕ್ಕೂ ಇಡುತ್ತಿದ್ದಳು.

ಪೆಟ್ಟಿಗೆಯಮ್ಮನಿಗೆ ನಗು ಬಂದು, ಅರ್ಧದಲ್ಲೇ ನಿಂತಿತು. ಮೂರು ವರ್ಷ ಈ ಮಗು ತಾನಿಟ್ಟ ಬೊಟ್ಟಿಗೆ ತಾನೇ ತಲೆಬಾಗಿ ನುಡಿಸಿತ್ತು. ಕೊಳಲು ಸರಿಯಾಗಿಯೇ ಕೂಗುತ್ತಿದ್ದರೂ ಗದ್ದ ಇಳಿಸಿ ಅದನ್ನು ತಪ್ಪು ಮಾಡಿತ್ತು. ಅಷ್ಟು ಕಷ್ಟಪಟ್ಟು ತಪ್ಪು ಮಾಡುವ ಕಿವಿ ಕೆಟ್ಟ ಕಿವಿಯಾಗಲು ಸಾಧ್ಯವೇ?

ಬಣ್ಣ ತೆಗೆಯುವ ನೀರನ್ನು ಹತ್ತಿಗೆ ಅದ್ದಿ ಚುಕ್ಕಿ ಒರೆಸಿದಳು. ಎರಡೂ 'ಗ' ಒತ್ತಿದಳು. ನಿಂತ ನೀರು. ಮುಚ್ಚಳ ಹಾಕಿ ತಿರುಪುಗಳನ್ನು ಬಿಗಿದಳು. ಬೀದಿಯಲ್ಲಿ ಇನ್ನೂ ಗುಡಿಸುತ್ತಲೇ ಇದ್ದ ಸದ್ದು.

ಈಗ ಸುಮ್ಮನಿದ್ದುಬಿಡಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಮರುದಿನವೇ ಭಾನುವಾರ. ಗೊದ್ದ ಎರಡು ವಾದ್ಯ ಬಿಡುತ್ತಾಳೆ, ತನ್ನ ಕಿವಿ ಕೆಟ್ಟದ್ದಕ್ಕೇ ಬಿಟ್ಟೆ ಅಂದುಕೊಂಡು ಬೆಳೆಯುತ್ತಾಳೆ. ಅದು ತಪ್ಪಬೇಕಾದರೆ ಪೆಟ್ಟಿಗೆಯಮ್ಮ ಮಾತಾಡಬೇಕು. ಮೇಷ್ಟ್ರ ಮುಂದೆ, ಕಂಪೌಂಡರ ಮುಂದೆ, ತಂಗಿಯ ಮುಂದೆ, 'ನಮ್ಮಪ್ಪನ ಅಳತೆ ಪೆಟ್ಟಿಗೆ ತಪ್ಪಿತ್ತು, ಮೂರು ವರ್ಷ ನನಗೆ ಗೊತ್ತಾಗಲಿಲ್ಲ' ಎನ್ನಬೇಕು. ಮೇಷ್ಟ್ರಿಗೆ ಹೇಳಿದರೆ ಬೀದಿಗೆ ಹೇಳಿದಂತೆ. ಆ ದಿನವೆಲ್ಲ ಅವಳು ಪಿಟೀಲು ಉಜ್ಜುತ್ತಾ ಆ ಒಂದು ವಾಕ್ಯವನ್ನು ತುಟಿಯಲ್ಲೇ ಹೇಳಿಕೊಂಡಳು. ಪ್ರತಿ ಸಲವೂ 'ಮೂರು ವರ್ಷ' ಹತ್ತಿರ ಬಂದು ನಿಲ್ಲುತ್ತಿತ್ತು. ಮಧ್ಯಾಹ್ನ ಬಂದ ಗೊದ್ದ, "ದೊಡ್ಡಮ್ಮ, ಏನು ಜಗಿತಿದೀಯ? ನಂಗೂ ಕೊಡು" ಎಂದು ಕೈ ಚಾಚಿದಳು.

ಭಾನುವಾರ ಹತ್ತು ಗಂಟೆಗೆ ಆ ಚಾಪೆಯಷ್ಟು ಜಾಗದಲ್ಲಿ ಐದು ಜನ ಸೇರಿದರು. ಮೇಷ್ಟ್ರು ಇದ್ದ ಒಂದೇ ಮಣೆಯ ಮೇಲೆ ಕೂತರು. ಕಂಪೌಂಡರು ಬಾಗಿಲಿಗೆ ಒರಗಿ ನಿಂತರು, ಒಂದು ಕಣ್ಣು ತಮ್ಮ ಅಂಗಡಿಯ ಮೇಲೆ. ತಂಗಿ ಮಗಳ ಭುಜದ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದಳು.

"ಏನಮ್ಮಾ ಗೊದ್ದಾ, ಯಾವುದು?" ಮೇಷ್ಟ್ರು ಕೇಳಿದರು.

ಗೊದ್ದ ಬಾಯಿ ತೆರೆಯುವ ಮೊದಲೇ ಪೆಟ್ಟಿಗೆಯಮ್ಮ, "ಒಂದ್ನಿಮಿಷ" ಎಂದಳು. ಎಲ್ಲರೂ ಅವಳ ಕಡೆ ತಿರುಗಿದರು. ಕಲಿತ ವಾಕ್ಯ ಮರೆತೇಹೋಯಿತು. ಅಂಗೈ ಒದ್ದೆ. ಅವಳು ಮಾತಾಡುವುದನ್ನು ಬಿಟ್ಟು ತನಗೆ ಬರುವ ಕೆಲಸ ಮಾಡಿದಳು. ಅಳತೆ ಪೆಟ್ಟಿಗೆಯನ್ನು ನಡುವಿಗೆ ಎಳೆದು, ತಿರುಪು ಬಿಚ್ಚಿ, ಮುಚ್ಚಳ ತೆಗೆದಿಟ್ಟಳು.

"ಅಕ್ಕಾ! ಅಪ್ಪ ಬಿಚ್ಬಾರದು ಅಂತಿದ್ದನಲ್ಲೇ!" ತಂಗಿ ಗಾಬರಿಯಾದಳು.

"ಕಂಪೌಂಡರೇ, 'ಗ' ಊದಿ. ನಿಮ್ಮದು, ಸುಮ್ಮನೆ ಹೇಗಿದೆಯೋ ಹಾಗೆ."

ಕಂಪೌಂಡರು ಜೇಬಿನಿಂದ ಕೊಳಲು ತೆಗೆದು ಊದಿದರು. ಅವಳು ಪೆಟ್ಟಿಗೆಯ 'ಗ' ಒತ್ತಿದಳು. ಎರಡೂ ಸೇರಿ ಒಂದಾದವು. ಮೇಷ್ಟ್ರು ತಲೆದೂಗಿದರು. ಆಮೇಲೆ ಅವಳು ಉಗುರುಬಣ್ಣದ ಸೀಸೆ ತೆಗೆದು, ಎಲ್ಲರೂ ನೋಡುತ್ತಿದ್ದಂತೆ, ರೀಡಿನ ತುದಿಗೆ ದಪ್ಪಗೆ ಒಂದು ಚುಕ್ಕಿ ಇಟ್ಟು, ಒಣಗುವವರೆಗೆ ಊದಿದಳು.

"ಈಗ ಇನ್ನೊಂದ್ಸಲ."

ವಾಂವ್ ವಾಂವ್ ವಾಂವ್. ಮೇಷ್ಟ್ರ ಹುಬ್ಬು ಕನ್ನಡಕದ ಮೇಲಕ್ಕೆ ಬಂತು. "ಅದೇ! ಅದೇ ತಗ್ಗು 'ಗ'! ನಿಮ್ಮ ಹುಡುಗಿ ನುಡಿಸೋದು ಇದನ್ನೇ!"

"ಹೂಂ" ಎಂದಳು ಪೆಟ್ಟಿಗೆಯಮ್ಮ. "ಅವಳು ಕಲ್ತಿದ್ದು ಇಲ್ಲಿಂದ. ಈ ಚುಕ್ಕಿ ನಿನ್ನೆ ಬೆಳಿಗ್ಗೆವರೆಗೂ ಇಲ್ಲೇ ಇತ್ತು. ಮೂರು ವರ್ಷ. ನಾನು ನೋಡಿರ್ಲಿಲ್ಲ."

ಅಂತೂ ಹೇಳಿಯಾಯಿತು. ಅಷ್ಟರಲ್ಲಿ ಗೊದ್ದ ಅಮ್ಮನ ಕೈಯಿಂದ ಜಾರಿ ಬಂದು ಪೆಟ್ಟಿಗೆಯೊಳಗೆ ಬಗ್ಗಿದಳು. "ದೊಡ್ಡಮ್ಮ, ಅದು ನಾನಿಟ್ಟಿದ್ದು! ಚಿಕ್ಕೋಳಿದ್ದಾಗ! ಇದಕ್ಕೊಂದೂ ಬೊಟ್ಟಿರ್ಲಿಲ್ಲ, ಪಾಪ ಅಂತ..." ಹೇಳುತ್ತಾ ಹೇಳುತ್ತಾ ಅವಳಿಗೆ ಅರ್ಥವಾಯಿತು. ದನಿ ಸಣ್ಣದಾಯಿತು. ಗುರುವಾರದಿಂದ ತಡೆದುಕೊಂಡಿದ್ದ ಅಳು ಈಗ ಬಂತು.

ಪೆಟ್ಟಿಗೆಯಮ್ಮ ಅವಳನ್ನು ತೊಡೆಯ ಮೇಲೆ ಎಳೆದುಕೊಂಡಳು. ಚುಕ್ಕಿ ಇಟ್ಟದ್ದು ಯಾರೆಂಬುದನ್ನೊಂದು ಮುಚ್ಚಿಡಬೇಕೆಂದಿದ್ದಳು, ಗೊದ್ದನ ಮುಂದೆ ಏನು ಮುಚ್ಚಿಟ್ಟರೆ ಉಳಿದೀತು? "ನೀನು ಒಂದು ದಿನ ತಪ್ಪು ಮಾಡ್ದೆ. ನಾನು ಮೂರು ವರ್ಷ ಮಾಡ್ದೆ. ಈಗ ಯಾರು ಜಾಸ್ತಿ ಅಳ್ಬೇಕು, ಹೇಳು?"

"ನೀನು" ಎಂದಳು ಗೊದ್ದ ಬಿಕ್ಕುತ್ತಲೇ.

"ಮತ್ತೆ? ನನ್ನ ಪಾಲಿಂದು ಸ್ವಲ್ಪ ಬಿಡು."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. "ಹಾಗಾದ್ರೆ ಒಂದು ವರ್ಷ ನಾನು ಈ ಮಗೂಗೆ ಬೈದಿದ್ದು?"

"ನನಗೆ ಸೇರ್ಬೇಕಾಗಿದ್ದು" ಎಂದಳು ಪೆಟ್ಟಿಗೆಯಮ್ಮ.

"ನನ್ನ ಕೊಳಲಿಗೂ ಬೈದಿದ್ರಂತೆ" ಎಂದರು ಕಂಪೌಂಡರು ಬಾಗಿಲಿನಿಂದ, ಮೆಲ್ಲಗೆ.

"ನೀವು ನನ್ನ ಪಿಟೀಲಿಗೆ ಬೈದಿರ್ಲಿಲ್ವೇನ್ರೀ?"

"ನಾನು ಮೆತ್ತಗೆ ಬೈದಿದ್ದೆ." ಕಂಪೌಂಡರು ಕೊಳಲು ಜೇಬಿಗಿಟ್ಟರು. "ಅದಿರ್ಲಿ ಮೇಷ್ಟ್ರೇ, ಇವಳು ಪಿಟೀಲು ಒಂದೇ ಕಲ್ತಿದ್ರೆ ಏನಾಗ್ತಿತ್ತು? ಮಗು ಕಿವೀನೇ ಸರಿಯಿಲ್ಲ ಅಂತ ಬರೆದು ಕೊಟ್ಬಿಡ್ತಿದ್ರಿ. ಮೂರರಲ್ಲೂ ಅದೇ ತಪ್ಪು ಬಂದಿದ್ದಕ್ಕೆ ತಾನೇ ಸಿಕ್ಕಿದ್ದು?"

ಮೇಷ್ಟ್ರು ದನಿ ತಗ್ಗಿಸಿದರು. ಬೀದಿಯ ಜನ ಅದನ್ನು ನಂಬುತ್ತಿರಲಿಲ್ಲ. "ಮೂರು ತಿಂಗಳು" ಎಂದರು. "ಮೂರು ತಿಂಗಳಲ್ಲಿ ಮೂರರಲ್ಲೂ 'ಗ' ಮೇಲಕ್ಕೆ ಬರ್ಬೇಕು. ಯಾವುದರಲ್ಲಿ ಬರಲ್ವೋ ಅದನ್ನ ಬಿಡ್ಬೇಕು. ಒಪ್ಪಿಗೆನಾ?"

ಗೊದ್ದ ದೊಡ್ಡಮ್ಮನ ಸೆರಗಿಗೆ ಮೂಗು ಒರೆಸಿ, ತಲೆಯಾಡಿಸಿದಳು. ಪೆಟ್ಟಿಗೆಯಮ್ಮ ರೀಡಿನ ತುದಿಯ ಚುಕ್ಕಿಯನ್ನು ಮತ್ತೆ ಒರೆಸಿ ಮುಚ್ಚಳ ಹಾಕಿದಳು. ವಾದ್ಯಗಳನ್ನಿಡಲು ತೆರೆದಿಟ್ಟಿದ್ದ ಖಾಲಿ ಕಪಾಟಿನ ಬಾಗಿಲನ್ನು ತಂಗಿ ತಾನೇ ಮುಚ್ಚಿ, ಕೀಲಿಯನ್ನು ಅಕ್ಕನ ಕೈಗೆ ಕೊಟ್ಟಳು.

ಹೇಳಿದಷ್ಟು ಸುಲಭವಾಗಿರಲಿಲ್ಲ. ಕೊಳಲಿನಲ್ಲಿ ವಾರದಲ್ಲೇ ಬಂತು, ಗದ್ದ ಇಳಿಸದಿದ್ದರೆ ಸಾಕಿತ್ತು. ಪೆಟ್ಟಿಗೆಯಲ್ಲಿ ತಾನಾಗಿಯೇ ಬಂತು. ಪಿಟೀಲಿನಲ್ಲಿ ಮಾತ್ರ ಬೆರಳು ಹಳೆಯ ಮನೆಗೇ ಓಡುತ್ತಿತ್ತು. ಸರಿಯಾದ 'ಗ' ಅವಳಿಗೆ ತಪ್ಪಾಗಿ ಕೇಳಿಸುತ್ತಿತ್ತು. "ಇದು ಬೇರೆಯವರ ಮನೆ 'ಗ' ಥರ ಇದೆ ದೊಡ್ಡಮ್ಮ" ಎಂದು ಮುಖ ಕಿವುಚುತ್ತಿದ್ದಳು. ಆಗ ದೊಡ್ಡಮ್ಮ ಪೆಟ್ಟಿಗೆಯ 'ಗ' ಒತ್ತಿ ಹಿಡಿಯುತ್ತಿದ್ದಳು, ಒಂದೊಂದು ಸಲ ಕೈ ಸೋಲುವವರೆಗೆ. ಗೋಡೆಯಾಚೆಯಿಂದ ಕಂಪೌಂಡರೂ ಅದೇ ಸ್ವರ ಊದುತ್ತಿದ್ದರು. ಎರಡರ ನಡುವೆ ಗೊದ್ದ ಬೆರಳನ್ನು ಒಂದು ಎಳೆ ಮುಂದಕ್ಕೆ, ಇನ್ನೊಂದು ಎಳೆ ಮುಂದಕ್ಕೆ ಒಯ್ಯುತ್ತಿದ್ದಳು.

ಈ ನಡುವೆ ಪೆಟ್ಟಿಗೆಯಮ್ಮ ವಾರಕ್ಕೊಂದು ದಿನ ಅಂಗಡಿ ಮುಚ್ಚಿ, ಅರ ಮತ್ತು ತಿರುಪುಳಿಯ ಚೀಲ ಹಿಡಿದು ಹೊರಡುತ್ತಿದ್ದಳು. ಮೂರು ವರ್ಷದಲ್ಲಿ ಅವಳು 'ಗ' ಮುಟ್ಟಿದ್ದ ಹಾರ್ಮೋನಿಯಂಗಳು ಹನ್ನೊಂದು. ಪುಸ್ತಕ ನೋಡುವ ಅಗತ್ಯವಿರಲಿಲ್ಲ, ಒಂದೊಂದರ ದನಿಯೂ ನೆನಪಿತ್ತು. ಬಾಗಿಲು ತಟ್ಟಿ, "ನಿಮ್ಮ ಪೆಟ್ಟಿಗೇಲಿ ನಾನು ತಪ್ಪು ಮಾಡಿದೀನಿ" ಎನ್ನುತ್ತಿದ್ದಳು. ಮೊದಲ ಮನೆಯಲ್ಲಿ ಅಂಗೈ ಬೆವರಿತು. ಏಳನೆಯ ಮನೆಯ ಹೊತ್ತಿಗೆ ಬೆವರುವುದು ನಿಂತಿತು. ಹಾಡಿನ ಟೀಚರನ್ನು ಮಾತ್ರ ಹನ್ನೊಂದನೆಯದಾಗಿ, ಕೊನೆಗೆ ಇಟ್ಟುಕೊಂಡಿದ್ದಳು.

ಅಲ್ಲಿಗೆ ಹೋಗುವ ಹಿಂದಿನ ಸಂಜೆ ಮೇಷ್ಟ್ರು ಬೀದಿಯ ಆ ತುದಿಯಿಂದಲೇ ಕೂಗಿಕೊಂಡು ಬಂದಿದ್ದರು, "ಬಂತು! ಪಿಟೀಲಲ್ಲೂ ಬಂತು ಕಣ್ರೀ!" ಕೊಟ್ಟ ಗಡುವಿಗೆ ಇನ್ನೂ ಹನ್ನೆರಡು ದಿನ ಬಾಕಿಯಿತ್ತು.

ಶಾಲೆಯಲ್ಲಿ ಹಾಡಿನ ಟೀಚರು ಬಾಗಿಲಲ್ಲಿ ಅವಳನ್ನು ನೋಡಿ ಕೈ ಕಟ್ಟಿಕೊಂಡು ನಿಂತರು. ಪೆಟ್ಟಿಗೆಯಮ್ಮ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದಳು.

"ಟೀಚರ್, ಕಿವಿ ತೋರಿಸ್ಕೊಂಡು ಬಂದೆ."

"ಯಾರ ಕಿವಿ?"

"ನಂದೇ. ನಿಮ್ಮದು ಸರಿಯಿತ್ತು."

ಟೀಚರು ತಡೆದುಕೊಳ್ಳಲು ನೋಡಿದರು, ಆಗಲಿಲ್ಲ, ನಕ್ಕುಬಿಟ್ಟರು. ಬೆಂಚು ಸರಿಸಿ ಜಾಗ ಮಾಡಿಕೊಟ್ಟರು. ಪೆಟ್ಟಿಗೆಯಮ್ಮ ಮುಚ್ಚಳ ತೆಗೆದು, ರೀಡಿನ ತುದಿಯನ್ನು ನಾಲ್ಕು ಸಲ ಉಜ್ಜಿ, ಕೆಳಗಿನ 'ಗ' ಮತ್ತು ನಡುವಿನ 'ಗ' ಒಟ್ಟಿಗೆ ಒತ್ತಿ ಕೇಳಿದಳು. ಬುಡದ ಹಳೆಯ ಚುಕ್ಕಿ ಒರೆಸಿ, ಅಲ್ಲೇ ಹೊಸದೊಂದು ಇಟ್ಟಳು. ಕಿಟಕಿಯ ಹೊರಗಿನಿಂದ ಏಳೆಂಟು ಮಕ್ಕಳು ಇಣುಕುತ್ತಿದ್ದರು.

"ಸರಿಹೋಯ್ತಲ್ಲ, ಒಂದು ಹಾಡು ನುಡಿಸಿ ಮತ್ತೆ, ಮಕ್ಕಳು ಕೇಳ್ಲಿ" ಎಂದರು ಟೀಚರು.

"ನಂಗೆ ಹಾಡು ಬರಲ್ಲ ಟೀಚರ್" ಎಂದಳು ಪೆಟ್ಟಿಗೆಯಮ್ಮ, ಚೀಲದ ಬಾಯಿ ಕಟ್ಟುತ್ತಾ. "ನಮ್ಮ ಮನೇಲಿ ಒಂದು ಗೊದ್ದ ಇದೆ. ನಾಳೆ ಕಳಿಸ್ತೀನಿ, ಅವಳು ನುಡಿಸ್ತಾಳೆ. ಯಾವ ವಾದ್ಯದಲ್ಲಿ ಬೇಕು, ಅದೊಂದು ಹೇಳಿ."